ಡ್ಯೂಟಿಯಲ್ಲಿ ಮೊಣಕಾಲು ಹೋಯ್ತು, ಈಗ ವಿಆರ್‌ಎಸ್‌ಗೆ (ಸ್ವ-ಇಚ್ಛಾ ನಿವೃತ್ತಿಗೆ) ಸಹಿ ಹಾಕು ಅಂತಿದ್ದಾರೆ. ಏನು ಮಾಡಲಿ?

ಜಲವಾಹನ_09
ನಮಸ್ಕಾರ್ರಿ ಎಲ್ಲಾರಿಗೂ. ನಾ ಅಗ್ನಿಶಾಮಕ ಇಲಾಖೆಯಾಗ ಪ್ರಮುಖ ಅಗ್ನಿಶಾಮಕ. 2009ರಾಗ ಸೇರೀನಿ. ಉತ್ತರ ಕರ್ನಾಟಕದ ಒಂದು ತಾಲೂಕು ಠಾಣೆ, ಹೆಸರು ಬ್ಯಾಡ.

2024ರ ಆಗಸ್ಟ್‌ದಾಗ ಒಂದು ರಕ್ಷಣಾ ಕರೆ ಬಂತು. ತೋಟದ ಬಾವಿಯಾಗ ಎಮ್ಮಿ ಬಿದ್ದಿತ್ತು. ಹಳೇ ಕಲ್ಲಿನ ಬಾವಿ, ನಾಕು ದಿನ ಮಳಿ ಹಿಡಿದು ಒಳಗಿನ ಕಟ್ಟಡ ಸಡಲ ಆಗಿತ್ತು. ನಾ ಹಗ್ಗ ಕಟಗೊಂಡು ಇಳದೆ. ಎಮ್ಮಿ ಹೊಟ್ಟಿಗೆ ಹೋಸ್ ಸುತ್ತಿ ಗಂಟು ಹಾಕಿ ಮ್ಯಾಲೆ ಎಳೀರಿ ಅಂದೆ. ಅದು ಒದ್ದಾಡಿದ ರಭಸಕ್ಕ ಕಲ್ಲು ಕಳಚಿ ನನ್ನ ಬಲ ಮೊಣಕಾಲ ಮ್ಯಾಲೆ ಬಿತ್ತು. ಎಮ್ಮಿ ಉಳೀತು. ನನಗ ಎರಡು ಆಪರೇಷನ್ ಆತು.

ಒಟ್ಟು ಏಳು ತಿಂಗಳು ಮನ್ಯಾಗ. ಖಾತೆಯಾಗ ಇದ್ದ 112 ದಿನ ಗಳಿಕೆ ರಜೆ ಹೋತು, ಅರ್ಧ ವೇತನ ರಜೆ ಹೋತು, ಕಡೀಗೆ ಉಳಿದ ದಿನಕ್ಕ ಅಸಾಧಾರಣ ರಜೆ ಅಂತ ಹಾಕಿ ಪಗಾರ ಕೊಡಲಿಲ್ಲ. ಮೆಡಿಕಲ್ ಬೋರ್ಡಿನವರು ‘ಏಣಿ ಹತ್ತುವ, ಭಾರ ಹೊರುವ ಕೆಲಸಕ್ಕೆ ಯೋಗ್ಯರಲ್ಲ, ಕುಳಿತು ಮಾಡುವ ಕೆಲಸಕ್ಕೆ ಯೋಗ್ಯರು’ ಅಂತ ಬರದಾರ.

ಹೋದ ವಾರ ಆಫೀಸಿಗೆ ಕರೆಸಿ ಟೈಪ್ ಮಾಡಿದ ಒಂದು ಹಾಳಿ ಮುಂದಿಟ್ಟರು. ಸ್ವ-ಇಚ್ಛಾ ನಿವೃತ್ತಿ ಅರ್ಜಿ. ನನ್ನ ಹೆಸರು, ಹುದ್ದೆ ಎಲ್ಲಾ ತುಂಬಿತ್ತು, ಸಹಿ ಒಂದು ಖಾಲಿ. ‘ಸೋಮವಾರದೊಳಗ ಕೊಡು, ಇಲ್ಲಾಂದ್ರ ಅನ್‌ಫಿಟ್ ಅಂತ ಮನಿಗೆ ಕಳಸಬೇಕಾಕ್ಕತಿ, ಆವಾಗ ಏನೂ ಸಿಗಂಗಿಲ್ಲ’ ಅಂದ್ರು. ಇಬ್ಬರು ಮಕ್ಕಳು, ದೊಡ್ಡಾಕಿ ಎಂಟನೇತ್ತೆ. ಯಾರಿಗಾದರೂ ಗೊತ್ತಿದ್ದರ ಹೇಳ್ರಿ.

ಗಿರೀಶ_ಟಿ
ಸಹಿ ಹಾಕಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಎಫ್‌ಡಿಎ_ಅಕ್ಕ
ನಾನು ಬೇರೆ ಇಲಾಖೆಯಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ಹದಿನಾಲ್ಕು ವರ್ಷ ಕೂತವಳು. ಅಣ್ಣ, ಮೊದಲ ತಪ್ಪು ನಿಮ್ಮ ರಜೆಯಲ್ಲೇ ಆಗಿದೆ.

ಕರ್ತವ್ಯ ಮಾಡುವಾಗ ಪೆಟ್ಟಾಗಿ ಅಶಕ್ತನಾದ ನೌಕರನಿಗೆ ಕೆಸಿಎಸ್‌ಆರ್‌ನಲ್ಲಿ, ಅಂದರೆ ರಾಜ್ಯ ನೌಕರರ ಸೇವಾ ನಿಯಮಗಳಲ್ಲಿ, ಸ್ಪೆಷಲ್ ಡಿಸೆಬಿಲಿಟಿ ಲೀವ್ ಅಂತ ಪ್ರತ್ಯೇಕ ರಜೆಯೇ ಇದೆ. ಅದನ್ನು ನಿಮ್ಮ ಗಳಿಕೆ ರಜೆಯ ಖಾತೆಯಿಂದ ಕಳೆಯುವಂತಿಲ್ಲ. ಕೇಂದ್ರ ನೌಕರರ ರಜಾ ನಿಯಮದಲ್ಲೂ ಮೊದಲು ಇದೇ ಹೆಸರಿನ ರಜೆ ಇತ್ತು, ಆಗ ಅಲ್ಲಿ ಗರಿಷ್ಠ 24 ತಿಂಗಳು, ಮೊದಲ 120 ದಿನ ಪೂರ್ತಿ ಸಂಬಳ ಇತ್ತು. ಅಂದರೆ ನೀವು ವರ್ಷಕ್ಕೆ 30 ದಿನದ ಹಾಗೆ ಕೂಡಿಟ್ಟ ರಜೆಯನ್ನು ಆ ಬಾವಿಗೆ ಸುರಿಯಬೇಕಾದ ಅಗತ್ಯವೇ ಇರಲಿಲ್ಲ.

ಬಹಳ ಕಚೇರಿಗಳಲ್ಲಿ ಈ ರಜೆ ಯಾರಿಗೂ ನೆನಪಿಗೆ ಬರುವುದಿಲ್ಲ. ಕೇಸ್ ವರ್ಕರ್ ಎಚ್‌ಆರ್‌ಎಂಎಸ್‌ನಲ್ಲಿ (ನೌಕರರ ದಾಖಲೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ) ಬ್ಯಾಲೆನ್ಸ್ ನೋಡುತ್ತಾನೆ, ಗಳಿಕೆ ರಜೆ ಇದೆ ಅಂತ ಕಂಡರೆ ಅದನ್ನೇ ಹಾಕುತ್ತಾನೆ. ಇದರಲ್ಲಿ ದ್ವೇಷ ಏನಿಲ್ಲ, ಅಭ್ಯಾಸ. ಆದರೆ ಅಭ್ಯಾಸದಿಂದ ಹೋದದ್ದು ನಿಮ್ಮ 112 ದಿನ. ನಿವೃತ್ತಿಯ ಹೊತ್ತಿಗೆ 300 ದಿನದವರೆಗೆ ನಗದೀಕರಣ ಆಗುವ ಹಣ ಅದು.

ಮಂಜೂರಾದ ರಜೆಯನ್ನು ಬದಲಾಯಿಸಿ ಕೊಡಿ ಅಂತ ಒಂದು ಮನವಿ ಬರೆಯಿರಿ. ಜೊತೆಗೆ ಬೋರ್ಡಿನ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಆ ದಿನದ ಕರೆ ವರದಿ.

ಜಲವಾಹನ_09
ಅಕ್ಕಾರ, ಈ ರಜೆ ಹೆಸರೇ ನಾ ಇವತ್ತು ಕೇಳಿದ್ದು. ಹದಿನೈದು ವರ್ಷದಾಗ ಒಬ್ಬರೂ ಹೇಳಿಲ್ಲ. ಕರೆ ವರದಿ ಠಾಣೆಯಾಗ ಇರತೈತಿ, ಕಾಪಿ ನನ್ನ ಹತ್ರ ಇಲ್ಲ.

ವಕೀಲೆ_ಧಾರವಾಡ
ಸರ್ವಿಸ್ ಮ್ಯಾಟರ್ ಮಾಡ್ತೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 20(4) ಓದಿಕೊಳ್ಳಿ. ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಈಗಿನ ಕೆಲಸ ಮಾಡಲು ಆಗದಿದ್ದರೆ ಅದೇ ವೇತನ ಶ್ರೇಣಿ ಮತ್ತು ಸೌಲಭ್ಯ ಇರುವ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ ಸೂಪರ್‌ನ್ಯೂಮರರಿ (ಹೆಚ್ಚುವರಿ) ಹುದ್ದೆ ಸೃಷ್ಟಿಸಿ, ಸರಿಯಾದ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಅದರಲ್ಲಿ ಇಟ್ಟುಕೊಳ್ಳಬೇಕು.

‘ಅನ್‌ಫಿಟ್ ಅಂತ ಮನೆಗೆ ಕಳಿಸ್ತೀವಿ’ ಅಂದಿದ್ದಾರಲ್ಲ, ಅದನ್ನೇ ಈ ಕಲಂ ತಡೆಯುವುದು. 1995ರ ಹಳೇ ಕಾಯ್ದೆಯಲ್ಲಿ ಇದು ಕಲಂ 47 ಆಗಿತ್ತು. ಕುನಾಲ್ ಸಿಂಗ್ ಪ್ರಕರಣ, ಸುಪ್ರೀಂ ಕೋರ್ಟ್, 2003. ಆತ ಎಸ್‌ಎಸ್‌ಬಿ ಅನ್ನುವ ಕೇಂದ್ರದ ಪಡೆಯ ಕಾನ್‌ಸ್ಟೇಬಲ್. ಕರ್ತವ್ಯದಲ್ಲಿ ಎಡಗಾಲಿಗೆ ಆದ ಗಾಯ ಗ್ಯಾಂಗ್ರೀನ್‌ಗೆ ತಿರುಗಿ ಕಾಲು ಕತ್ತರಿಸಬೇಕಾಯಿತು. ಇಲಾಖೆ ಅನ್‌ಫಿಟ್ ಅಂತ ಮನೆಗೆ ಕಳಿಸಿ ಅಶಕ್ತತಾ ಪಿಂಚಣಿ ಕೊಟ್ಟಿತು. ಪಿಂಚಣಿ ಕೊಟ್ಟ ಮಾತ್ರಕ್ಕೆ ಕೆಲಸದ ಹಕ್ಕು ಹೋಗಲ್ಲ, ಬೇರೆ ಹುದ್ದೆ ಕೊಡಿ ಅಂತ ಕೋರ್ಟ್ ಹೇಳಿತು. 2025ರ ಆಗಸ್ಟ್‌ನಲ್ಲಿ ತೆಲಂಗಾಣದ ಸಾರಿಗೆ ಸಂಸ್ಥೆಯ ಬಣ್ಣಗುರುಡು ಇದ್ದ ಚಾಲಕನ ಪ್ರಕರಣದಲ್ಲೂ ಬೇರೆ ಕೆಲಸ ಹುಡುಕುವ ಪ್ರಯತ್ನವನ್ನೇ ಮಾಡದೆ ನಿವೃತ್ತಿ ಮಾಡಿಸಿದ್ದು ತಪ್ಪು ಅಂತ ತೀರ್ಪು ಬಂದಿದೆ.

ಒಂದು ಎಚ್ಚರಿಕೆ. ಕೆಲಸದ ಸ್ವರೂಪ ನೋಡಿ ಯಾವುದಾದರೂ ಸಂಸ್ಥೆಗೆ ಈ ಕಲಂನಿಂದ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಆದರೆ ಅದಕ್ಕೆ ಅಧಿಸೂಚನೆ ಹೊರಡಿಸಿರಬೇಕು, ಬಾಯಿಮಾತು ಸಾಲದು. ‘ನಮ್ಮ ಇಲಾಖೆಗೆ ವಿನಾಯಿತಿ ಅಧಿಸೂಚನೆ ಇದ್ದರೆ ಅದರ ಪ್ರತಿ ಕೊಡಿ’ ಅಂತ ಆರ್‌ಟಿಐ ಹಾಕಿ. ಹತ್ತು ರೂಪಾಯಿ, ಮೂವತ್ತು ದಿನ.

ನಿವೃತ್ತ_ಠಾಣಾಧಿಕಾರಿ
ನಾನು 31 ವರ್ಷ ಸೇವೆ ಮಾಡಿ ನಿವೃತ್ತನಾದವನು. ಕಾನೂನು ಓದಿದವರಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಠಾಣೆಯ ಕಡೆಯಿಂದಲೂ ಸ್ವಲ್ಪ ನೋಡಿ.

ಒಂದು ಜಲವಾಹನಕ್ಕೆ ಚಾಲಕ ಸೇರಿ ಆರು ಜನ ಇರಬೇಕು. ನನ್ನ ಠಾಣೆಯಲ್ಲಿ ಎಷ್ಟೋ ರಾತ್ರಿ ನಾಲ್ವರನ್ನು ಕಟ್ಟಿಕೊಂಡು ಹೊರಟಿದ್ದೇನೆ. ಅಂಥ ಕಡೆ ಏಣಿ ಹತ್ತಲಾಗದ ಒಬ್ಬ ಇದ್ದರೆ ಹಾಜರಿ ಪುಸ್ತಕದಲ್ಲಿ ನಾಲ್ಕು, ಬೆಂಕಿಯ ಮುಂದೆ ಮೂರು. ಹೊಗೆ ತುಂಬಿದ ಗೋದಾಮಿಗೆ ಇಬ್ಬರು ಜೋಡಿಯಾಗಿ ಒಳಗೆ ಹೋದಾಗ ಒಬ್ಬನ ಮೊಣಕಾಲು ಕೈಕೊಟ್ಟರೆ ಇನ್ನೊಬ್ಬನೂ ಹೊರಗೆ ಬರುವುದಿಲ್ಲ. ಇದನ್ನು ಕಣ್ಣಾರೆ ಕಂಡ ಅಧಿಕಾರಿ ‘ದಯವಿಟ್ಟು ಇವನನ್ನು ಬಿಡುಗಡೆ ಮಾಡಿ, ಬೇರೆಯವನನ್ನು ಕೊಡಿ’ ಅಂತ ಕೇಳಿದರೆ ಅವನು ಕಟುಕನಲ್ಲ. ಆ ಹುದ್ದೆ ಖಾಲಿಯಾಗದೆ ಹೊಸಬ ಬರುವುದಿಲ್ಲ, ಅವನ ಕಷ್ಟ ಅದು.

ಕೃಷ್ಣಾತೀರ
ಸರ್, ನೀವು ಹೇಳೂದು ಸಿಬ್ಬಂದಿ ಕೊರತೆ ಬಗ್ಗೆ. ಅದಕ್ಕ ಗಾಯ ಆದ ಮನಷ್ಯಾ ಯಾಕ ಬೆಲೆ ಕೊಡಬೇಕು? ಅಂವಾ ಬಾವಿಗೆ ಇಳದಿದ್ದು ಸ್ವಂತ ಎಮ್ಮಿಗೆ ಅಲ್ಲ.

ನಿವೃತ್ತ_ಠಾಣಾಧಿಕಾರಿ
ಬೆಲೆ ಕೊಡಬೇಕು ಅಂತ ನಾನು ಹೇಳಿಲ್ಲ. ಆ ತಮ್ಮನನ್ನು ಬೀದಿಗೆ ಹಾಕಿ ಅಂತಲೂ ಹೇಳಿಲ್ಲ. ಮತ್ತೊಮ್ಮೆ ಓದಿ.

ವಕೀಲೆ_ಧಾರವಾಡ
ಸರ್, ನಿಮ್ಮ ಕಷ್ಟಕ್ಕೂ ಉತ್ತರ ಅದೇ ಕಲಂನಲ್ಲಿ ಇದೆ. ಸೂಪರ್‌ನ್ಯೂಮರರಿ ಹುದ್ದೆ ಅಂದರೆ ಮಂಜೂರಾದ ಸಂಖ್ಯೆಗೆ ಹೆಚ್ಚುವರಿಯಾಗಿ ಸೃಷ್ಟಿಸುವ ಹುದ್ದೆ. ಇವರನ್ನು ಅದಕ್ಕೆ ಸರಿಸಿದರೆ ಠಾಣೆಯಲ್ಲಿ ಪ್ರಮುಖ ಅಗ್ನಿಶಾಮಕನ ಜಾಗ ಖಾಲಿ ಆಯಿತು, ಅದನ್ನು ತುಂಬಬಹುದು. ಇವರಿಗೆ ಸಂಬಳ, ನಿಮಗೆ ಜನ. ‘ಇವನು ಹೋದರೆ ಮಾತ್ರ ಇನ್ನೊಬ್ಬ ಬರ್ತಾನೆ’ ಅನ್ನುವುದು ಅಭ್ಯಾಸದಿಂದ ಬಂದ ನಂಬಿಕೆ. ಠಾಣಾಧಿಕಾರಿಗಳೇ ಈ ಪ್ರಸ್ತಾವವನ್ನು ಮೇಲಕ್ಕೆ ಬರೆದರೆ ಅದಕ್ಕೆ ತೂಕ ಹೆಚ್ಚು.

ನಿವೃತ್ತ_ಠಾಣಾಧಿಕಾರಿ
ಇದು ನನಗೆ ಗೊತ್ತಿರಲಿಲ್ಲ. ಸೇವೆಯಲ್ಲಿ ಇರುವಾಗ ಗೊತ್ತಿದ್ದರೆ ಇಬ್ಬರ ವಿಷಯದಲ್ಲಾದರೂ ಬರೆಯುತ್ತಿದ್ದೆ.

ಶೈಲಕ್ಕ
ನಮ್ಮ ಮನೆಯವರೂ ಅಗ್ನಿಶಾಮಕದಲ್ಲೇ ಇದಾರೆ, ಚಾಲಕ ತಂತ್ರಜ್ಞ. ಇದನ್ನೆಲ್ಲ ಓದ್ತಾ ಇದ್ದರೆ ಕೈ ನಡುಗುತ್ತೆ.

ಅವರ ಠಾಣೆಯಲ್ಲಿ 24 ಗಂಟೆ ಡ್ಯೂಟಿ. ಬೆಳಿಗ್ಗೆ ಮನೆಗೆ ಬಂದಾಗ ಬಟ್ಟೆ ಒಂದು ಚೀಲದಲ್ಲಿ ಕಟ್ಟಿಕೊಂಡು ಬರ್ತಾರೆ. ಪ್ಲಾಸ್ಟಿಕ್ ಗೋದಾಮಿನ ಬೆಂಕಿ ಆದ ದಿನ ಆ ಚೀಲ ಬಿಚ್ಚಿದರೆ ಮನೆಯೆಲ್ಲ ಸುಟ್ಟ ರಬ್ಬರ್ ವಾಸನೆ. ನಾನು ಅದನ್ನ ಮಕ್ಕಳ ಬಟ್ಟೆ ಹಾಕೋ ಮೆಷಿನ್‌ಗೇ ಹಾಕ್ತಿದ್ದೆ. ಡ್ರಮ್ಮಿನ ರಬ್ಬರ್ ಸುತ್ತ ಕಪ್ಪು ಜಿಡ್ಡು ಕೂತಿತ್ತು, ಬೆರಳಲ್ಲಿ ಉಜ್ಜಿದರೆ ಹೋಗಲ್ಲ, ಸೀಮೆಎಣ್ಣೆ ಹಾಕಿ ಒರೆಸಿದೆ. ಈಗ ಹಿತ್ತಲಲ್ಲಿ ಬೇರೆ ಬಕೆಟ್ ಇಟ್ಟಿದೀನಿ.

ಎರಡು ವರ್ಷದಿಂದ ಒಣ ಕೆಮ್ಮು ಅವರಿಗೆ. ಡಾಕ್ಟರ್ ‘ಸಿಗರೇಟ್ ಸೇದ್ತೀರಾ’ ಅಂತ ಕೇಳಿದರು. ಜೀವಮಾನದಲ್ಲಿ ಸೇದಿಲ್ಲ. ಇಂಥದ್ದಕ್ಕೆ ಏನಾದರೂ ಇದೆಯಾ ಮೇಡಂ? ಮೊಣಕಾಲಾದರೆ ಇಂಥ ದಿನ ಪೆಟ್ಟಾಯ್ತು ಅಂತ ಹೇಳಬಹುದು. ಕೆಮ್ಮಿಗೆ ದಿನಾಂಕ ಎಲ್ಲಿಂದ ತರೋದು?

ವಿನ್ನಿಪೆಗ್_ಕನ್ನಡಿಗ
ಶೈಲಕ್ಕ, ಬೇರೆ ಬಕೆಟ್ ಇಟ್ಟಿದ್ದು ಒಳ್ಳೇದು ಮಾಡಿದ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವು ಮಾತ್ರ ಇರುವ ಗುಂಪು ಅದು.

ನೀವು ಕೇಳಿದ ‘ದಿನಾಂಕ ಎಲ್ಲಿಂದ ತರೋದು’ ಅನ್ನೋ ಪ್ರಶ್ನೆಗೆ ನಾನಿರುವ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲೇ ಕಾನೂನು ಮಾಡಿತು, ಕೆನಡಾದಲ್ಲಿ ಇದೇ ಮೊದಲು. ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದು, ಇಷ್ಟು ವರ್ಷ ಸೇವೆ ಆಗಿದ್ದರೆ, ಅದು ಕೆಲಸದಿಂದಲೇ ಬಂದದ್ದು ಅಂತ ಕಾನೂನೇ ಭಾವಿಸುತ್ತದೆ. ಯಾವ ಬೆಂಕಿ, ಯಾವ ರಾತ್ರಿ ಅಂತ ರೋಗಿ ಸಾಬೀತು ಮಾಡುವ ಹಾಗಿಲ್ಲ. ಅಲ್ಲ ಅನ್ನೋರು ಅಲ್ಲ ಅಂತ ತೋರಿಸಬೇಕು. ಆಮೇಲೆ ಬೇರೆ ಪ್ರಾಂತ್ಯಗಳೂ ಇದೇ ದಾರಿ ಹಿಡಿದವು.

ನಮ್ಮೂರಲ್ಲಿ ಇಂಥ ಕಾನೂನು ಬರಬೇಕಾದರೆ ಮೊದಲು ದಾಖಲೆ ಬೇಕು. ನಿಮ್ಮ ಮನೆಯವರು ಹೋದ ಪ್ರತಿ ಕರೆ, ಏನು ಸುಟ್ಟಿತ್ತು, ಎಷ್ಟು ಹೊತ್ತು ಹೊಗೆಯಲ್ಲಿ ಇದ್ದರು, ಉಸಿರಾಟದ ಸಿಲಿಂಡರ್ ಹಾಕಿಕೊಂಡಿದ್ದರಾ ಇಲ್ಲವಾ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಗಿರೀಶ_ಟಿ
ಕೆನಡಾ ಕಾನೂನು ಇಲ್ಲಿ ನಡೆಯಲ್ಲ. ವಿಷಯ ಮೊಣಕಾಲಿನದು, ಸೋಮವಾರ ಹತ್ತಿರ ಬಂತು.

ವಿನ್ನಿಪೆಗ್_ಕನ್ನಡಿಗ
ನಡೆಯುತ್ತೆ ಅಂದಿಲ್ಲ ಗಿರೀಶ್. ಅವರು ಕೇಳಿದರು, ಗೊತ್ತಿದ್ದದ್ದು ಹೇಳಿದೆ.

ಮಂಗ್ಳೂರು_ಫೈರ್‌ಮನ್
ನಾನು ಸರ್ಕಾರಿ ಅಲ್ಲ, ಇಲ್ಲಿ ಒಂದು ಕಾರ್ಖಾನೆಯ ಫೈರ್ ಸೆಕ್ಷನ್‌ನಲ್ಲಿ ಗುತ್ತಿಗೆಯವ. ನಿಮ್ಮದು ಓದಿ ನನಗೆ ಅನಿಸಿದ್ದು ಇಷ್ಟು: ನಿಮಗೆ ಕೊನೇಪಕ್ಷ ಒಂದು ಬೋರ್ಡು, ಒಂದು ಸರ್ವಿಸ್ ಬುಕ್ ಉಂಟಲ್ಲ ಮಾರಾಯ್ರೆ. ನನ್ನ ಜೊತೆಯವನಿಗೆ ಪಂಪ್‌ಹೌಸ್‌ನಲ್ಲಿ ಭುಜ ಜಾರಿತು. ಕಂಟ್ರಾಕ್ಟರ್ ಮಾರನೇ ದಿನ ಬೇರೆ ಹುಡುಗನನ್ನು ಕರ್ಕೊಂಡು ಬಂದ. ಅಷ್ಟೇ.

ಅವನನ್ನು ಬದುಕಿಸಿದ್ದು ಇಎಸ್‌ಐ, ಕಾರ್ಮಿಕರ ವಿಮೆ. ತಿಂಗಳಿಗೆ 21,000ದ ಒಳಗೆ ಸಂಬಳ ಇದ್ದ ಕಾರಣ ಕಾರ್ಡ್ ಇತ್ತು. ಕೆಲಸದಲ್ಲಿ ಆದ ಗಾಯ ಅಂತ ಅಪಘಾತ ವರದಿ ಹೋದ ಮೇಲೆ ಗುಣ ಆಗುವವರೆಗೆ ಸಂಬಳದ ಶೇ. 90ರ ಲೆಕ್ಕದಲ್ಲಿ ದುಡ್ಡು ಬಂತು. ಕಂಟ್ರಾಕ್ಟರ್ ಆ ವರದಿ ಕಳಿಸಲಿಕ್ಕೆ ತಯಾರಿರಲಿಲ್ಲ, ‘ಮನೆಯಲ್ಲಿ ಬಿದ್ದೆ ಅಂತ ಹೇಳು, ಆಸ್ಪತ್ರೆ ಖರ್ಚು ನಾನು ಕೊಡ್ತೇನೆ’ ಅಂದ. ನಾವು ನಾಲ್ಕು ಜನ ಸಾಕ್ಷಿ ಬರೆದು ಕೊಟ್ಟೆವು. ಇದನ್ನು ಓದುವ ಖಾಸಗಿಯವರು ನೆನಪಿಟ್ಕೊಳ್ಳಿ, ಮನೆಯಲ್ಲಿ ಬಿದ್ದೆ ಅಂತ ಒಮ್ಮೆ ಬರೆದು ಕೊಟ್ಟರೆ ಮುಗೀತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕು. ಕೇಳಿ ತಗೊಳ್ಳಿ.

ಎಫ್‌ಡಿಎ_ಅಕ್ಕ
ಮಂಗಳೂರಿನವರು ಪರಿಹಾರದ ಮಾತೆತ್ತಿದ್ದು ಒಳ್ಳೇದಾಯ್ತು. ಸರ್ಕಾರಿ ಅಗ್ನಿಶಾಮಕರಿಗೆ ಇಎಸ್‌ಐ ಇಲ್ಲ, ಆದರೆ ನೌಕರರ ಪರಿಹಾರ ಕಾಯ್ದೆ, 1923 ಇದೆ. ಅದರ ಎರಡನೇ ಶೆಡ್ಯೂಲ್‌ನಲ್ಲಿ ಫೈರ್ ಬ್ರಿಗೇಡ್‌ನಲ್ಲಿ ಕೆಲಸ ಮಾಡುವವರನ್ನು ಹೆಸರಿಟ್ಟೇ ಸೇರಿಸಿದ್ದಾರೆ. ಸರ್ಕಾರದ ಇಲಾಖೆಗಳೂ ಅದರ ಅಡಿ ಬರುತ್ತವೆ. ಈಗ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ನಿಮ್ಮ ಅಪಘಾತ ಆದದ್ದು 2024ರಲ್ಲಿ, ಹಾಗಾಗಿ ಹಳೇ ಕಾಯ್ದೆಯ ಲೆಕ್ಕ.

ಲೆಕ್ಕ ಮಾಡಿ ತೋರಿಸುತ್ತೇನೆ. ಸಂಬಳ ಎಷ್ಟೇ ಇದ್ದರೂ ಪರಿಗಣಿಸುವ ಮಿತಿ ತಿಂಗಳಿಗೆ 15,000. ಅದರ ಶೇ. 60 ಅಂದರೆ 9,000. ಅಪಘಾತದ ದಿನ 40 ವರ್ಷ ತುಂಬಿದ್ದರೆ ಗುಣಕ 184.17. ಗುಣಿಸಿದರೆ 16,57,530. ಇದು ಪೂರ್ತಿ ಶಾಶ್ವತ ಅಶಕ್ತತೆಗೆ. ದುಡಿಯುವ ಶಕ್ತಿ ಶೇ. 30 ಹೋಗಿದೆ ಅಂತ ವೈದ್ಯರು ಬರೆದರೆ 4,97,259 ರೂಪಾಯಿ. ತಡವಾದರೆ ವರ್ಷಕ್ಕೆ ಶೇ. 12 ಬಡ್ಡಿ. ಅಪಘಾತದಿಂದ 2 ವರ್ಷದೊಳಗೆ ಅರ್ಜಿ ಹಾಕಬೇಕು, ಅಂದರೆ 2026ರ ಆಗಸ್ಟ್ ದಾಟಬಾರದು.

ಕೃಷ್ಣಾತೀರ
ಪಗಾರ ಬರಾಕತ್ತೈತಿ, ದುಡಿಯೋ ಶಕ್ತಿ ಎಲ್ಲಿ ಹೋಗೇತಿ ಅಂತ ಇಲಾಖೆ ವಾದಾ ಮಾಡಂಗಿಲ್ಲೇನು?

ವಕೀಲೆ_ಧಾರವಾಡ
ಮಾಡುತ್ತಾರೆ. ಅದಕ್ಕೇ ವೈದ್ಯರ ಪ್ರಮಾಣಪತ್ರದಲ್ಲಿ ಶೇಕಡಾವಾರು ಸ್ಪಷ್ಟ ಇರಬೇಕು. ಸದ್ಯ ಆ ಅರ್ಜಿ ಎರಡನೇ ಹೆಜ್ಜೆ. ಮೊದಲು ಕೆಲಸ ಉಳಿಯಲಿ.

ದಾವಣಗೆರೆ_ಬೆಣ್ಣೆ
ಎಲ್ಲರೂ ಒಬ್ಬೊಬ್ಬರೇ ಅರ್ಜಿ ಹಿಡ್ಕೊಂಡು ಓಡಾಡೋ ಬದಲು ಅಗ್ನಿಶಾಮಕದವರು ಒಟ್ಟಾಗಿ ಎರಡು ದಿನ ಕೆಲಸ ನಿಲ್ಲಿಸಲಿ, ಎಲ್ಲಾ ಸರಿಹೋಗುತ್ತೆ. 2023ರ ಮಾರ್ಚ್ 1ಕ್ಕೆ ರಾಜ್ಯ ನೌಕರರು ಒಂದು ದಿನ ಕೂತಿದ್ದಕ್ಕೆ ಶೇ. 17 ಮಧ್ಯಂತರ ಪರಿಹಾರ ಬರಲಿಲ್ವಾ?

ನಿವೃತ್ತ_ಠಾಣಾಧಿಕಾರಿ
ಬೆಂಕಿ ಹತ್ತಿದ ಮನೆಯವನು ಫೋನ್ ಮಾಡಿದಾಗ ‘ಮುಷ್ಕರ’ ಅನ್ನಲು ನನ್ನ ಬಾಯಿಂದ ಆಗುವುದಿಲ್ಲ. ಯಾವ ಅಗ್ನಿಶಾಮಕನಿಂದಲೂ ಆಗುವುದಿಲ್ಲ.

ವಕೀಲೆ_ಧಾರವಾಡ
ಕಾನೂನೂ ಬಿಡುವುದಿಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಅಂತ 2003ರಲ್ಲಿ ತಮಿಳುನಾಡಿನ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಾತು ಬಂತು ಅಂತ ಹೇಳ್ತೀನಿ, 1960ರಲ್ಲಿ ನಾಗಪುರ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಪಾಲಿಕೆಯ ಅಗ್ನಿಶಾಮಕ ವಿಭಾಗವೂ ‘ಉದ್ಯಮ’ವೇ, ಅಲ್ಲಿನವರಿಗೆ ಕಾರ್ಮಿಕ ಕಾನೂನು ಅನ್ವಯಿಸುತ್ತದೆ ಅಂತ ತೀರ್ಪಾಗಿತ್ತು. ನಮ್ಮ ಬೆಂಗಳೂರು ಜಲಮಂಡಳಿಯ 1978ರ ಪ್ರಕರಣ ಆ ವ್ಯಾಖ್ಯೆಯನ್ನು ಇನ್ನೂ ಹಿಗ್ಗಿಸಿತು. ಆದರೆ ಕರ್ನಾಟಕದಲ್ಲಿ ಅಗ್ನಿಶಾಮಕ ಇರುವುದು ಪಾಲಿಕೆಯ ಕೈಯಲ್ಲಿ ಅಲ್ಲ. 1964ರ ಕಾಯ್ದೆಯ ಅಡಿ, ಗೃಹ ಇಲಾಖೆಯಲ್ಲಿ. ಇವರು ರಾಜ್ಯ ಸಿವಿಲ್ ಸೇವೆಯವರು, ಹೋಗಬೇಕಾದದ್ದು ಆಡಳಿತ ನ್ಯಾಯಮಂಡಳಿ ಕೆಎಟಿಗೆ. ಬೆಳಗಾವಿಯಲ್ಲೇ ಪೀಠ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ.

ಎನ್‌ಪಿಎಸ್_ನೌಕರ
ದುಡ್ಡಿನ ಕಡೆಯಿಂದ ಒಂದು ಮಾತು, ಯಾರೂ ಹೇಳಿಲ್ಲ. 2009ರಲ್ಲಿ ಸೇರಿದ್ದಾರೆ ಅಂದಮೇಲೆ ಅವರು ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ), ಏಕೆಂದರೆ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರೆಲ್ಲ ಅದರಲ್ಲೇ. ಹಳೇ ಪಿಂಚಣಿಯವರಿಗೆ ವಿಆರ್‌ಎಸ್ ಅಂದರೆ ತಿಂಗಳಿಗೆ ಒಂದಷ್ಟು ಖಚಿತ. ನಮಗೆ ಹಾಗಲ್ಲ. 60ಕ್ಕೆ ಮುಂಚೆ ಹೊರಬಂದರೆ ಕೂಡಿದ ಮೊತ್ತದಲ್ಲಿ ಶೇ. 80 ಆನ್ಯುಟಿಗೆ (ತಿಂಗಳ ಪಿಂಚಣಿ ಕೊಡುವ ಯೋಜನೆಗೆ) ಹೋಗಬೇಕು, ಕೈಗೆ ಬರುವುದು ಶೇ. 20. ವಯಸ್ಸಾದ ಮೇಲೆ ನಿವೃತ್ತಿಯಾದರೆ ಶೇ. 60 ಕೈಗೆ ಬರುತ್ತಿತ್ತು. ಅಲ್ಲದೆ 60 ತುಂಬುವವರೆಗೆ ಸರ್ಕಾರ ಹಾಕಬೇಕಿದ್ದ, ಸಂಬಳದ ಶೇ. 14ರ ಪಾಲು ಪೂರ್ತಿ ನಿಂತುಹೋಗುತ್ತದೆ. ‘ವಿಆರ್‌ಎಸ್ ಕೊಟ್ಟರೆ ಏನಾದರೂ ಸಿಗುತ್ತೆ, ಇಲ್ಲದಿದ್ದರೆ ಏನೂ ಇಲ್ಲ’ ಅಂದವರು ಈ ಲೆಕ್ಕ ಹಾಕಿ ನೋಡಿಲ್ಲ.

ಮಲ್ನಾಡ್_ಹುಡುಗ
ನಮ್ಮ ಚಿಕ್ಕಪ್ಪ ಬೇರೆ ಇಲಾಖೆ, ಹೋದ ತಿಂಗಳು ಇದೇ ಥರ ಒತ್ತಾಯಕ್ಕೆ ಸಹಿ ಹಾಕಿ ಕೊಟ್ಟುಬಿಟ್ಟಿದಾರೆ. ಮೂರು ತಿಂಗಳ ನೋಟಿಸ್ ಓಡ್ತಾ ಇದೆ. ಇನ್ನು ಏನೂ ಮಾಡಕ್ಕಾಗಲ್ವಾ?

ವಕೀಲೆ_ಧಾರವಾಡ
ಆಗುತ್ತೆ, ತಡ ಮಾಡಬೇಡಿ. ನಿವೃತ್ತಿ ಜಾರಿಗೆ ಬರುವ ದಿನಕ್ಕೆ ಮುಂಚೆ ಅರ್ಜಿ ಹಿಂದಕ್ಕೆ ಪಡೆಯಬಹುದು. ಬಲರಾಮ್ ಗುಪ್ತಾ ಪ್ರಕರಣ, ಸುಪ್ರೀಂ ಕೋರ್ಟ್, 1987. ನಾಳೆಯೇ ಬರೆದು ಕೊಡಿ, ಒತ್ತಾಯದಿಂದ ಸಹಿ ಮಾಡಿದ್ದು ಅನ್ನುವುದನ್ನೂ ಸೇರಿಸಿ. ಮುದ್ದಾಂ ಕೊಟ್ಟು ಸ್ವೀಕೃತಿ ತಗೊಳ್ಳಿ, ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ.

ಮಲ್ನಾಡ್_ಹುಡುಗ
ಈಗಲೇ ಚಿಕ್ಕಪ್ಪನಿಗೆ ಫೋನ್ ಮಾಡ್ತೀನಿ.

ನಿವೃತ್ತ_ಠಾಣಾಧಿಕಾರಿ
ಜಲವಾಹನ ತಮ್ಮಾ, ಇಡೀ ರಾತ್ರಿ ನಿನ್ನ ವಿಷಯವೇ ತಲೆಯಲ್ಲಿತ್ತು.

ನನ್ನ ಠಾಣೆಯಲ್ಲಿ ಒಬ್ಬನಿಗೆ ಎರಡೂ ಅಂಗೈ ಸುಟ್ಟು ಬೆರಳು ಮಡಚಲು ಬರುತ್ತಿರಲಿಲ್ಲ. ಹೋಸ್ ಹಿಡಿಯಲಾರ. ವಾಚ್‌ರೂಮಿನಲ್ಲಿ ಕೂರಿಸಿದೆ. ನಿವೃತ್ತನಾಗುವವರೆಗೆ ಅಲ್ಲೇ ಇದ್ದ. ಫೋನ್ ಮಾಡಿದವರು ಗಾಬರಿಯಲ್ಲಿ ‘ಮಾರಮ್ಮನ ಗುಡಿ ಹತ್ತಿರ, ಬೇಗ ಬನ್ನಿ’ ಅಂದು ಇಟ್ಟುಬಿಡುತ್ತಾರೆ. ಇವನು ಇಡಲು ಬಿಡುತ್ತಿರಲಿಲ್ಲ. ಗುಡಿಯ ಮುಂದಿನ ಬೀದಿಯಾ, ಹಿಂದಿನದಾ, ಮೇಲೆ ಕರೆಂಟ್ ತಂತಿ ಇದೆಯಾ, ಒಳಗೆ ಸಿಲಿಂಡರ್ ಎಷ್ಟು, ಯಾರಾದರೂ ಸಿಕ್ಕಿಕೊಂಡಿದ್ದಾರಾ, ಹತ್ತಿರ ಕೆರೆ ಬಾವಿ ಏನಿದೆ. ಅರ್ಧ ನಿಮಿಷದಲ್ಲಿ ಎಲ್ಲಾ ಕೇಳಿ ವೈರ್‌ಲೆಸ್‌ನಲ್ಲಿ ನಮಗೆ ಹೇಳುತ್ತಿದ್ದ. ಬೆಂಕಿಯ ಒಳಗೆ ಹೋಗಿ ಬಂದವನಿಗೆ ಮಾತ್ರ ಆ ಪ್ರಶ್ನೆಗಳು ಹೊಳೆಯುವುದು. ನಿನ್ನೆ ನಾನು ನಾಲ್ಕು ಮೂರು ಅಂತ ಲೆಕ್ಕ ಹೇಳಿದಾಗ ಅವನನ್ನು ಮರೆತಿದ್ದೆ.

ಈಗ ಕೆಲಸದ ಮಾತು. ಠಾಣಾ ದಿನಚರಿ, ಕರೆ ಬಂದ ರಿಜಿಸ್ಟರ್, ವಾಹನದ ಲಾಗ್ ಬುಕ್, ಈ ಮೂರರಲ್ಲೂ ಆ ದಿನದ ನಮೂದು ಇರಲೇಬೇಕು. ಗಾಯದ ವಿಷಯ ದಿನಚರಿಯಲ್ಲಿ ಬರೆದಿದ್ದಾರಾ ನೋಡು. ಮೂರಕ್ಕೂ ದೃಢೀಕೃತ ಪ್ರತಿ ಕೇಳು. ಬೇರೆ ಹುದ್ದೆ ಕೇಳುವಾಗ ಸುಮ್ಮನೆ ‘ಬೇರೆ ಕೆಲಸ ಕೊಡಿ’ ಅನ್ನಬೇಡ. ಜಿಲ್ಲಾ ಕಚೇರಿಯ ನಿಯಂತ್ರಣ ಕೊಠಡಿ, ಉಗ್ರಾಣ, ನಿರಾಕ್ಷೇಪಣಾ ಪತ್ರದ ಕಡತ, ಬೆಂಗಳೂರು ಬನ್ನೇರುಘಟ್ಟ ರಸ್ತೆಯ ನಮ್ಮ ಮುಂಡ್ಕೂರ್ ತರಬೇತಿ ಅಕಾಡೆಮಿಯಲ್ಲಿ ತರಗತಿ ಪಾಠ, ಹೀಗೆ ಹೆಸರು ಹೇಳಿ ಕೇಳು.

ಜಲವಾಹನ_09
ಸರ್, ನಿಮ್ಮ ಮಾತು ಓದಿ ನನ್ನ ಹೆಂಡತಿಗೆ ತೋರಿಸಿದೆ. ಭಾಳ ಸಮಾಧಾನ ಆತು.

ಇವತ್ತ ಠಾಣೆಗೆ ಹೋಗಿ ರಿಜಿಸ್ಟರ್ ತೆಗಿಸಿ ನೋಡಿದೆ. ಕರೆ ಬಂದ ಹೊತ್ತು 4:20, ಹೊರಟಿದ್ದು 4:22, ಎಲ್ಲಾ ಐತಿ. ದಿನಚರಿಯಾಗ ‘ಎಮ್ಮೆಯನ್ನು ಜೀವಂತವಾಗಿ ರಕ್ಷಿಸಲಾಯಿತು’ ಅಂತ ಐತಿ. ನನ್ನ ಕಾಲಿನ ಸುದ್ದಿ ಒಂದು ಅಕ್ಷರ ಇಲ್ಲ. ಲಾಗ್ ಬುಕ್‌ದಾಗ ಮಾತ್ರ ನಮ್ಮ ಚಾಲಕ ಬರದಾನ, ‘ಸ್ಥಳದಿಂದ ಗಾಯಾಳು ಸಿಬ್ಬಂದಿಯನ್ನು ತಾಲೂಕು ಆಸ್ಪತ್ರೆಗೆ’ ಅಂತ, ಕಿಲೋಮೀಟರ್ ಸಮೇತ. ಆ ಒಂದು ಸಾಲು ಬರದ ಅಂವನ ಕೈ ಮುಗೀಬೇಕು ಅನಸ್ತು.

ವಕೀಲೆ_ಧಾರವಾಡ
ಆ ಸಾಲು ಸಾಕು. ಜೊತೆಗೆ ತಾಲೂಕು ಆಸ್ಪತ್ರೆಯ ಎಂಎಲ್‌ಸಿ (ಅಪಘಾತದಂಥ ಪ್ರಕರಣ ದಾಖಲಿಸುವ) ರಿಜಿಸ್ಟರ್, ತೋಟದ ಮಾಲೀಕರಿಂದ ಒಂದು ಹೇಳಿಕೆ, ಆ ದಿನ ಹಗ್ಗ ಹಿಡಿದಿದ್ದ ಸಿಬ್ಬಂದಿಯ ಹೇಳಿಕೆ ಸೇರಿಸಿ.

ಅರ್ಜಿಯ ಒಕ್ಕಣೆ ಹೀಗಿರಲಿ: ‘ನಾನು ಸ್ವ-ಇಚ್ಛಾ ನಿವೃತ್ತಿ ಕೋರಿರುವುದಿಲ್ಲ, ಕೋರುವ ಉದ್ದೇಶವೂ ಇರುವುದಿಲ್ಲ. ದಿನಾಂಕ ಇಂಥದ್ದರಂದು ಕರ್ತವ್ಯದಲ್ಲಿದ್ದಾಗ ಉಂಟಾದ ಗಾಯದಿಂದ ನನಗೆ ಅಂಗವೈಕಲ್ಯ ಉಂಟಾಗಿರುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 20(4)ರಂತೆ ಸಮಾನ ವೇತನ ಶ್ರೇಣಿಯ ಹುದ್ದೆಗೆ, ಅಥವಾ ಸೂಪರ್‌ನ್ಯೂಮರರಿ ಹುದ್ದೆಗೆ ನನ್ನನ್ನು ನಿಯುಕ್ತಿಗೊಳಿಸಲು ಕೋರುತ್ತೇನೆ.’ ಕೆಳಗೆ ಲಗತ್ತುಗಳ ಪಟ್ಟಿ. ರಜೆ ಬದಲಾವಣೆಗೆ ಪ್ರತ್ಯೇಕ ಅರ್ಜಿ, ಎರಡನ್ನೂ ಒಂದರಲ್ಲೇ ಕಲಸಬೇಡಿ.

ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಶೇ. 40 ಆಗದಿದ್ದರೆ ಎಲ್ಲಾ ಹೋಯ್ತು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ, ಶೇ. 40 ಕೇಳುವುದು ಮೀಸಲಾತಿಯಂಥ ಸೌಲಭ್ಯಕ್ಕೆ. 20(4)ರಲ್ಲಿ ಆ ಅಂಕಿ ಇಲ್ಲ. ಇದೇ ಕಾಯ್ದೆಯ ಕಲಂ 23ರ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ನೋಂದಾಯಿಸಿದ ಎರಡು ವಾರದಲ್ಲಿ ವಿಚಾರಣೆ ಆಗಬೇಕು. ಅಲ್ಲಿಗೂ ಒಂದು ಪ್ರತಿ.

ಎಫ್‌ಡಿಎ_ಅಕ್ಕ
ಮತ್ತೆ ಇಲ್ಲಿ ಠಾಣೆಯ ಹೆಸರು, ಅಧಿಕಾರಿಯ ಹೆಸರು ಯಾವತ್ತೂ ಹಾಕಬೇಡಿ ಅಣ್ಣ. 2021ರ ನಡತೆ ನಿಯಮಗಳನ್ನು ತೋರಿಸಿ ಮೆಮೊ ಕೊಡುವುದು ಸುಲಭ. ನಿಮಗೆ ಈಗ ಎರಡನೇ ರಗಳೆ ಬೇಡ.

ಜಲವಾಹನ_09
ಸೋಮವಾರ ಹೋಗಿದ್ದೆ. ಟೈಪ್ ಮಾಡಿದ ಹಾಳಿ ಇನ್ನೂ ಅಲ್ಲೇ ಫೈಲಿನ ಮ್ಯಾಲೆ ಇತ್ತು. ನಾ ಅದನ್ನ ಮುಟ್ಟಲಿಲ್ಲ, ನನ್ನ ಎರಡು ಅರ್ಜಿ ಕೊಟ್ಟೆ. ಸಾಹೇಬರು ಓದಿದರು, ಕಲಂ 20(4) ಅನ್ನೋ ಕಡೆ ಪೆನ್ನಿಲೆ ಗೆರಿ ಎಳದರು, ‘ಇದನ್ನ ಯಾರು ಬರಕೊಟ್ಟರು’ ಅಂತ ಕೇಳಿದರು. ನಾನೇ ಓದಿ ಬರದೀನಿ ಅಂದೆ. ಮತ್ತೇನೂ ಅನ್ನಲಿಲ್ಲ. ಟಪಾಲು ಗುಮಾಸ್ತರು ಎರಡಕ್ಕೂ ಸೀಲು ಹಾಕಿ ನಂಬರ್ ಕೊಟ್ಟರು. ಆರ್‌ಟಿಐನೂ ಅವತ್ತ ಹಾಕಿ ಬಂದೆ.

ಸದ್ಯ ವಾಚ್‌ರೂಮಿಗೆ ಕೂಡಂದಾರ, ಬಾಯಿಮಾತಿನ ಆದೇಶ.

ವಕೀಲೆ_ಧಾರವಾಡ
ಆ ಬಾಯಿಮಾತಿನ ಆದೇಶವನ್ನೂ ‘ತಮ್ಮ ಮೌಖಿಕ ಸೂಚನೆಯಂತೆ ಇಂಥ ದಿನದಿಂದ ಕರ್ತವ್ಯ ನಿರ್ವಹಿಸುತ್ತಿದ್ದೇನೆ’ ಅಂತ ಒಂದು ಸಾಲು ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಹಾಜರಿ ಪುಸ್ತಕದಲ್ಲಿ ದಿನಾ ಸಹಿ ತಪ್ಪಿಸಬೇಡಿ.

ಶೈಲಕ್ಕ
ನಮ್ಮ ಮನೆಯವರು ನೋಟ್‌ಬುಕ್ ಶುರು ಮಾಡಿದ್ರು. ನಿನ್ನೆ ಮೊದಲನೇ ಪುಟ: ಹುಲ್ಲಿನ ಬಣವೆ, ಎರಡು ಗಂಟೆ, ಮುಖಕ್ಕೆ ಒದ್ದೆ ಟವೆಲ್. ಎಫ್‌ಡಿಎ ಅಕ್ಕ, ಎದೆ ಎಕ್ಸ್‌ರೇ ಮತ್ತೆ ಉಸಿರಾಟದ ಪರೀಕ್ಷೆ ಮಾಡಿಸೋಣ ಅಂತಿದೀವಿ. ನೌಕರರಿಗಿರೋ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಆಗುತ್ತಾ, ಕೈಯಿಂದ ಕಟ್ಟಬೇಕಾ?

ಎಫ್‌ಡಿಎ_ಅಕ್ಕ
ಅವರ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ) ನಂಬರ್ ಹಿಡ್ಕೊಂಡು ನನಗೆ ಮೆಸೇಜ್ ಮಾಡಿ ಶೈಲಾ, ಇಲ್ಲಿ ಹಾಕಬೇಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ನೋಡಿ ಹೇಳ್ತೀನಿ. ಪರೀಕ್ಷೆಗೆ ಹೋದಾಗ ‘ಅಗ್ನಿಶಾಮಕ, ಇಷ್ಟು ವರ್ಷದಿಂದ’ ಅಂತ ಡಾಕ್ಟರ್ ಚೀಟಿಯಲ್ಲಿ ಬರೆಸೋದು ಮರೀಬೇಡಿ.